ಬೇಲಿಯಿಲ್ಲದ ತೋಟ

ಬೇಲಿಯಿಲ್ಲದ ತೋಟವನ್ನು ಕಂಡು, ಇದಕ್ಕೆ ಒಡೆಯನೇ ಇಲ್ಲವೆಂದು ಭಾವಿಸುವವರುಂಟು. ದಾರಿಹೋಕರು ನಾಲ್ಕು ಹಣ್ಣು ತಿಂದು ದಣಿವಾರಿಸಿಕೊಳ್ಳಲೆಂದು ಒಡೆಯನೇ ಬೇಲಿ ಹಾಕದೆ ಬಿಟ್ಟಿರಬಹುದು. ಆದರೆ ಆ ಹಣ್ಣನ್ನು ಬುಟ್ಟಿಯಲ್ಲಿ ತುಂಬಿ, ತನ್ನ ತೋಟದ ಫಲವೆಂದು ಸಂತೆಯಲ್ಲಿ ಮಾರುವವನು ದಾರಿಹೋಕನಲ್ಲ. ಅಂತರಜಾಲಕ್ಕಾಗಿ ದುಡಿಯುವ ತಂತ್ರಜ್ಞನ ತೋಟವೂ ಇಂಥದೇ. ಅವನು ತಿಂಗಳುಗಟ್ಟಲೆ ಶ್ರಮಿಸಿ ಬರೆದ ಕ್ರಮವಿಧಿಯನ್ನು ಯಾರಾದರೂ ಕ್ಷಣಮಾತ್ರದಲ್ಲಿ ನಕಲು ಮಾಡಿಕೊಳ್ಳಬಲ್ಲರು. ಆದರೆ ಸುಲಭವಾದುದೆಲ್ಲ ನ್ಯಾಯವಾದುದಲ್ಲ.

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮವು ಇಂದು ಕಂಪ್ಯೂಟರಿನ ಕ್ರಮವಿಧಿಯನ್ನೂ ಸಾಹಿತ್ಯಕೃತಿಗಳ ಸಾಲಿನಲ್ಲಿ ಸೇರಿಸಿದೆ. ನೋಂದಣಿ ಮಾಡಿಸದಿದ್ದರೂ ಈ ಹಕ್ಕು ಇಲ್ಲವಾಗದು. ಸ್ವಾಮ್ಯವನ್ನು ಮಾರಿದ ಮೇಲೂ ಇದು ತನ್ನ ರಚನೆಯೆಂದು ಹೇಳಿಕೊಳ್ಳುವ ಅಧಿಕಾರವು, 57ನೆಯ ಪ್ರಕರಣದಂತೆ, ಕರ್ತೃವಿನಲ್ಲಿಯೇ ಉಳಿಯುತ್ತದೆ. ಅಂಕಿತವನ್ನು ಕಂಡೊಡನೆ ವಚನಕಾರನನ್ನು ಗುರುತಿಸುವ ಕನ್ನಡಿಗರಿಗೆ ಹೆಸರಿನ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಹೆಸರಿಗಾಗಿಯೇ ನಡೆದ ಹೋರಾಟವೊಂದು ಅಮೆರಿಕದಲ್ಲಿ ಪ್ರಸಿದ್ಧವಾಗಿದೆ. ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಜೇಕಬ್ಸನ್ ಅವರಿಗೆ ಪುಟ್ಟ ಮಾದರಿ ರೈಲುಗಳನ್ನು ಓಡಿಸುವ ಹವ್ಯಾಸ. ಅವರೂ ಅವರ ಸಂಗಡಿಗರೂ ಅಂಥ ರೈಲುಗಳನ್ನು ಕಂಪ್ಯೂಟರಿನಿಂದ ನಿಯಂತ್ರಿಸುವ ಕ್ರಮವಿಧಿಯನ್ನು ರಚಿಸಿ, ಅಂತರಜಾಲದಲ್ಲಿ ಉಚಿತವಾಗಿ ಹಂಚಿದರು. ಪ್ರತಿಯಾಗಿ ಅವರು ಹಣವನ್ನು ಕೇಳಲಿಲ್ಲ. ರಚಿಸಿದವರ ಹೆಸರು ಉಳಿಯಬೇಕು, ತಿದ್ದಿದವರು ತಿದ್ದಿದ್ದನ್ನು ತಿಳಿಸಬೇಕು ಎಂಬ ಷರತ್ತನ್ನು ಮಾತ್ರ ವಿಧಿಸಿದರು. ಅದೇ ಬಗೆಯ ಕ್ರಮವಿಧಿಯನ್ನು ಮಾರುತ್ತಿದ್ದ ಒಂದು ಸಂಸ್ಥೆಯು ಇವರ ಕಡತಗಳ ಭಾಗಗಳನ್ನು ತನ್ನ ಸರಕಿನಲ್ಲಿ ಬಳಸಿತು, ಹೆಸರುಗಳನ್ನು ಕೈಬಿಟ್ಟಿತು. ಸಾಲದುದಕ್ಕೆ ತನ್ನ ಪೇಟೆಂಟನ್ನು ಮುಂದೊಡ್ಡಿ ಜೇಕಬ್ಸನ್ನರಿಂದಲೇ ಹಣವನ್ನು ಕೇಳಿತ್ತು!

ಜೇಕಬ್ಸನ್ನರು 2006ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಇದು ಕರಾರಿನ ಭಂಗವೇ ಹೊರತು ಕೃತಿಸ್ವಾಮ್ಯದ ಭಂಗವಲ್ಲವೆಂದು ಹೇಳಿ, ಕೆಳಗಿನ ನ್ಯಾಯಾಲಯವು 2007ರಲ್ಲಿ ತಡೆಯಾಜ್ಞೆಯನ್ನು ನಿರಾಕರಿಸಿತು. ಅವರು ಎದೆಗುಂದಲಿಲ್ಲ. 2008ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯವು ಆ ನಿರ್ಣಯವನ್ನು ತಳ್ಳಿಹಾಕಿತು. ಉಚಿತವಾಗಿ ಕೊಟ್ಟ ಕೃತಿಗೂ ಷರತ್ತುಗಳಿರಬಹುದು, ಅವುಗಳನ್ನು ಮೀರಿ ಬಳಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಲ್ಲದು ಎಂಬುದು ಅದರ ತೀರ್ಪಿನ ಸಾರ. 2010ರಲ್ಲಿ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ಎದುರಾಳಿಗಳು ಒಂದು ಲಕ್ಷ ಡಾಲರು ಕೊಡಲೂ ಆ ಕೃತಿಯನ್ನು ಮುಂದೆ ಬಳಸದಿರಲೂ ಒಪ್ಪಿದರು.

ಈ ಜಯಕ್ಕೆ ನೆರವಾದುದು ಕೋಪವಲ್ಲ, ದಾಖಲೆ. ಷರತ್ತನ್ನು ಮೊದಲೇ ಬರೆದಿಟ್ಟಿದ್ದರು, ಕಡತಗಳಲ್ಲಿ ಹೆಸರುಗಳಿದ್ದವು. ತನ್ನ ಕೃತಿಯನ್ನು ಕಳೆದುಕೊಂಡ ಯಾವ ತಂತ್ರಜ್ಞನಿಗಾದರೂ ಇದೇ ದಾರಿ. ಕಳವಾದುದು ಕೇವಲ ಕಲ್ಪನೆಯೋ, ತಾನು ಬರೆದ ಕೃತಿಯೋ ಎಂದು ಅವನು ಮೊದಲು ವಿವೇಚಿಸಬೇಕು. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ. ಅನಂತರ ಮೂಲವನ್ನೂ ನಕಲನ್ನೂ ದಿನಾಂಕದೊಡನೆ ಜೋಪಾನವಾಗಿರಿಸಿ, ನಕಲು ಮಾಡಿದವನಿಗೆ ಸೌಜನ್ಯದಿಂದ ಪತ್ರ ಬರೆಯಬೇಕು. ಅರಿಯದೆ ತಪ್ಪಿದವನು ಅಷ್ಟಕ್ಕೇ ತಿದ್ದಿಕೊಂಡಾನು. ತಿದ್ದಿಕೊಳ್ಳದಿದ್ದರೆ ಆ ಪುಟಕ್ಕೆ ನೆಲೆಯಿತ್ತ ಸಂಸ್ಥೆಗೆ ಲಿಖಿತ ದೂರು, ಕೊನೆಗೆ ನ್ಯಾಯಾಲಯ.

ನೆಟ್ಟವನ ಹೆಸರನ್ನು ಹೇಳಿ ಹಣ್ಣನ್ನು ತಿಂದರೆ ತಿಂದವನಿಗೆ ನಷ್ಟವೇನೂ ಇಲ್ಲ. ಆ ಒಂದು ಮಾತಿನ ಬಲದಿಂದ ನೆಟ್ಟವನು ಮತ್ತೊಂದು ಗಿಡವನ್ನು ನೆಡುತ್ತಾನೆ. ಅದನ್ನೂ ಅಳಿಸಿಹಾಕಿದರೆ ಅವನು ತೋಟಕ್ಕೆ ಬೇಲಿ ಕಟ್ಟುತ್ತಾನೆ. ಆಗ ಹಸಿದು ನಿಲ್ಲುವವನು ನಿಜವಾದ ದಾರಿಹೋಕನೇ.