ಪೆಟ್ಟಿಗೆಯೊಳಗೊಂದು ಪೆಟ್ಟಿಗೆ

ನಮ್ಮದು ಅದಿಯಮಾನ್‌ಕೋಟೆಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಸೇಲಂ-ಬೆಂಗಳೂರು ಹೆದ್ದಾರಿಗೆ ಹೊಸೂರು ರಸ್ತೆ ಬಂದು ಸೇರುವ ಊರು. ಕೃಷ್ಣಪಕ್ಷದ ಅಷ್ಟಮಿಗೆ ಇಲ್ಲಿನ ಕಾಲಭೈರವನ ಮುಂದೆ ಬೂದುಗುಂಬಳದ ದೀಪ ಹಚ್ಚಲು ಕರ್ನಾಟಕದಿಂದಲೂ ಜನ ಬರುತ್ತಾರೆ; ಆಗ ಕನ್ನಡ ಕರಪತ್ರದ ಕೆಲಸ ಸಿಗುತ್ತದೆ. ಹಳೆಯ ಕನ್ನಡ ಫೈಲುಗಳೆಲ್ಲ ಪೇಜ್‌ಮೇಕರ್‌ನಲ್ಲಿ, ನುಡಿ ಫಾಂಟಿನಲ್ಲಿವೆ. 2001ರಲ್ಲಿ ಬಂದ 7ನೇ ಆವೃತ್ತಿಯೇ ಪೇಜ್‌ಮೇಕರ್‌ನ ಕೊನೆಯದು. ಲಿನಕ್ಸ್‌ಗೆ ಅದು ಬರಲೇ ಇಲ್ಲ. ವಿಂಡೋಸ್ ಇದ್ದ ಕಂಪ್ಯೂಟರ್ ಸುಟ್ಟುಹೋದ ಮೇಲೆ ನನಗೆ ಉಳಿದದ್ದು ಉಬುಂಟುವಿನ ಒಂದೇ ಯಂತ್ರ. ಅಷ್ಟಮಿ ಹತ್ತಿರವಿತ್ತು.

ಅದರೊಳಗೇ ವಿಂಡೋಸ್ 7 ಕೂರಿಸೋಣವೆಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಟ್-ಮ್ಯಾನೇಜರ್ ತೆರೆದರೆ ಕೆವಿಎಂ ಇಲ್ಲವೆಂದಿತು. 2007ರಿಂದ ಲಿನಕ್ಸ್ ಕರ್ನಲ್‌ನಲ್ಲೇ ಇರುವ ಸೌಲಭ್ಯ ಅದು. ಅದಿಲ್ಲದಿದ್ದರೂ ಒಳಗಿನ ಯಂತ್ರ ಓಡುತ್ತದೆ, ಆದರೆ ಪ್ರೊಸೆಸರ್ ಮಾಡಬೇಕಾದ್ದನ್ನೆಲ್ಲ ಸಾಫ್ಟ್‌ವೇರೇ ಮಾಡಬೇಕು. ಮೌಸ್ ಸರಿಸಿ ಕಾದು ಕೂತರೂ ಬಾಣ ಕದಲದು.

"ಮಾವ, ಬಯಾಸ್‌ಗೆ ಹೋಗಿ ನೋಡಿ, ವರ್ಚುವಲೈಸೇಶನ್ ಆಫ್ ಆಗಿರ್ತದೆ" ಎಂದ ಹೊಸೂರಿನಲ್ಲಿರುವ ಅಕ್ಕನ ಮಗ. ಹೌದು, ಹಾಗೇ ಇತ್ತು. ಆನ್ ಮಾಡಿದ ಮೇಲೆ ವಿಂಡೋಸ್ ಸಲೀಸಾಗಿ ಕೂತಿತು.

ನಿಜವಾದ ಗೋಳು ಆಮೇಲಿನದು. ಪೇಜ್‌ಮೇಕರ್ ಹಾಕುವಾಗ ಪರದೆ ಹಾಗೇ ನಿಂತುಬಿಟ್ಟಿತು. ವಿರಾಮದಲ್ಲಿದೆ ಎಂದು ತೋರಿಸುತ್ತಿತ್ತು. ಮುಂದುವರಿಸಿದರೆ ಮತ್ತೆ ವಿರಾಮ. ವರ್ಟ್-ಮ್ಯಾನೇಜರ್ ವರ್ಚುವಲ್ ಡಿಸ್ಕನ್ನು ವಾರ್ ಡೈರೆಕ್ಟರಿಯ ಕೆಳಗೆ ಇಡುತ್ತದೆ. ತುಂಬಿದಷ್ಟೂ ಹಿಗ್ಗುವ ಫೈಲ್ ಅದು. ನನ್ನ ಚಿಕ್ಕ ರೂಟ್ ಪಾರ್ಟಿಶನ್ನನ್ನು ಪೂರ್ತಿ ನುಂಗಿತ್ತು. ಜಾಗ ಮುಗಿದರೆ ಒಳಗಿನ ಯಂತ್ರ ಕೆಡದಿರಲೆಂದು ತಾನೇ ನಿಲ್ಲುತ್ತದಂತೆ. ಒಳ್ಳೆಯದೇ, ಕಾರಣವನ್ನೂ ಬಾಯಿಬಿಟ್ಟು ಹೇಳಿದ್ದರೆ ಆ ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಫೈಲನ್ನು ಎತ್ತಿ, ಬೇರೆ ಪಾರ್ಟಿಶನ್ನಿನಲ್ಲಿರುವ ನನ್ನ ಹೋಮ್ ಫೋಲ್ಡರಿಗೆ ಹಾಕಿದೆ. ಈಗ ಅನುಮತಿ ಇಲ್ಲ ಎಂಬ ತಕರಾರು. ಯಂತ್ರವನ್ನು ಓಡಿಸುವುದು ನಾನಲ್ಲ, ಅದಕ್ಕೆಂದೇ ಇರುವ ಬೇರೊಂದು ಯೂಸರ್. 2021ರಿಂದೀಚೆಗೆ ಉಬುಂಟು ಒಬ್ಬರ ಹೋಮ್ ಫೋಲ್ಡರಿನೊಳಗೆ ಇನ್ನೊಬ್ಬರನ್ನು ಬಿಡುವುದಿಲ್ಲ. ಅದೇ ಪಾರ್ಟಿಶನ್ನಿನಲ್ಲಿ, ನನ್ನ ಫೋಲ್ಡರಿನ ಹೊರಗೆ ಬೇರೆ ಜಾಗ ಮಾಡಿ, ಅದನ್ನೇ ಸ್ಟೋರೇಜ್ ಪೂಲ್ ಎಂದು ತೋರಿಸಿದ ಮೇಲೆ ವಿಂಡೋಸ್ ಎದ್ದಿತು.

ನುಡಿ ಫಾಂಟು ಹಾಕಿ ಹಳೆಯ ಕರಪತ್ರ ತೆರೆದೆ. ಅರ್ಕಾವೊತ್ತು, ಒತ್ತಕ್ಷರ ಎಲ್ಲ ಸ್ವಸ್ಥಾನದಲ್ಲಿದ್ದವು. ತಾರೀಕು ತಿದ್ದಿ ಪಿಡಿಎಫ್ ಮಾಡಿ, ಅಷ್ಟಮಿಯ ಹಿಂದಿನ ಸಂಜೆ ಅಚ್ಚಿಗೆ ಕಳಿಸಿದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಭದ್ರತಾ ಅಪ್‌ಡೇಟ್ ನಿಂತಿರುವುದರಿಂದ ಒಳಗಿನ ಯಂತ್ರದ ನೆಟ್‌ವರ್ಕ್ ತೆಗೆದಿದ್ದೇನೆ, ಡಿಸ್ಕ್ ಫೈಲಿನ ಒಂದು ನಕಲು ಪೆನ್‌ಡ್ರೈವ್‌ನಲ್ಲಿದೆ.