ಪರ್ವತದ ಮೇಲಣ ವಸತಿಗೃಹ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದಲ್ಲಿ ಒರೆಗಾನ್ ಎಂಬ ಸಂಸ್ಥಾನವುಂಟು. ಅಲ್ಲಿಯ ಹುಡ್ ಎಂಬ ಹಿಮಪರ್ವತದ ದಕ್ಷಿಣ ಪಾರ್ಶ್ವದಲ್ಲಿ, ಸುಮಾರು 6000 ಅಡಿಗಳ ಎತ್ತರದಲ್ಲಿ, ವೃಕ್ಷಗಳ ಬೆಳವಣಿಗೆ ನಿಂತುಹೋಗುವ ಎಲ್ಲೆಯ ಬಳಿ ಒಂದು ವಸತಿಗೃಹವಿದೆ. ಆ ಎಲ್ಲೆಯಿಂದಲೇ ಅದಕ್ಕೆ ಟಿಂಬರ್‌ಲೈನ್ ಎಂಬ ಹೆಸರು ಬಂದಿತು. ಕಲ್ಲಿನ ಗೋಡೆ, ಕಡಿದಾದ ಮಾಡು, ನಡುವೆ ಆರು ಮುಖಗಳ ಮಹಾಧೂಮನಾಳ. ದೂರದಿಂದ ಕಂಡವರಿಗೆ ಅದು ಪರ್ವತದ್ದೇ ಒಂದು ಕೋಡೆಂಬ ಭ್ರಾಂತಿ ಹುಟ್ಟಿದರೆ ಆಶ್ಚರ್ಯವಿಲ್ಲ. ಇದನ್ನು ಕಟ್ಟಿದವರಲ್ಲಿ ಬಹುಮಂದಿ ಅನ್ನಕ್ಕೆ ದಾರಿಯಿಲ್ಲದೆ ಬಂದವರು.

1929ರಲ್ಲಿ ಆ ದೇಶದ ವ್ಯಾಪಾರವು ಕುಸಿದುಬಿದ್ದುದೂ, 1933ರ ವೇಳೆಗೆ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬನು ಕೆಲಸವಿಲ್ಲದೆ ಕುಳಿತುದೂ ಸುವಿದಿತವಾದ ಸಂಗತಿ. ಹಸಿದವನಿಗೆ ಅನ್ನವಿಕ್ಕುವುದು ಧರ್ಮವೆಂಬುದರಲ್ಲಿ ವಿವಾದವಿಲ್ಲ. ಆದರೆ ದುಡಿಯಬಲ್ಲ ಗೃಹಸ್ಥನು ಹೆಂಡಿರು ಮಕ್ಕಳೆದುರಿಗೆ ಪರಾನ್ನಕ್ಕೆ ಕೈಯೊಡ್ಡಿ ನಿಂತಾಗ ಅವನ ಹೊಟ್ಟೆ ತುಂಬಿದರೂ ತಲೆ ತಗ್ಗುತ್ತದೆ. ಇದನ್ನರಿತೇ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರವು 1935ರಲ್ಲಿ ಹ್ಯಾರಿ ಹಾಪ್ಕಿನ್ಸರ ಆಡಳಿತದಲ್ಲಿ ಒಂದು ಉದ್ಯೋಗಸಂಸ್ಥೆಯನ್ನು ಸ್ಥಾಪಿಸಿತು. 1943ರಲ್ಲಿ ಅದನ್ನು ಮುಚ್ಚುವಷ್ಟರಲ್ಲಿ ಸುಮಾರು 85 ಲಕ್ಷ ಜನರು ಅದರಲ್ಲಿ ದುಡಿದಿದ್ದರು. ರಸ್ತೆ ಸೇತುವೆಗಳನ್ನು ಕಟ್ಟುವವರಿಗೆ ಮಾತ್ರವಲ್ಲದೆ ಚಿತ್ರಕಾರರಿಗೂ ಶಿಲ್ಪಿಗಳಿಗೂ ಅಲ್ಲಿ ಕೂಲಿ ದೊರೆಯಿತು. ಕಲಾವಿದನಿಗೂ ಎಲ್ಲರಂತೆ ಹಸಿವುಂಟಷ್ಟೆ ಎಂಬುದು ಹಾಪ್ಕಿನ್ಸರ ಸಮಾಧಾನ.

ಪರಿಹಾಸಕ್ಕೇನೂ ಕೊರತೆಯಿರಲಿಲ್ಲ. ಸರ್ಕಾರದ ಕೂಲಿಗಳೆಂದರೆ ಸಲಿಕೆಗೆ ಒರಗಿ ನಿದ್ರಿಸುವವರೆಂದು ಪತ್ರಿಕೆಗಳು ಚಿತ್ರ ಬರೆದು ನಕ್ಕವು. ಟಿಂಬರ್‌ಲೈನಿನ ಒಂದು ಬಾಗಿಲನ್ನು ತಟ್ಟಿ ನೋಡಿದ್ದರೆ ಆ ನಗೆ ಅಲ್ಲಿಗೇ ನಿಲ್ಲುತ್ತಿತ್ತು.

1936ರ ಜೂನ್ ತಿಂಗಳಲ್ಲಿ ಕೆಲಸ ಮೊದಲಾಯಿತು. ಯಾವುದೇ ವೇಳೆಯಲ್ಲಿ ನೂರು ಮಂದಿಯ ಮೇರೆ ಕೆಲಸಗಾರರು. ಅವರ ವಾಸ ಬೆಟ್ಟದ ಕೆಳಗೆ ಹಾಕಿದ ಡೇರೆಗಳಲ್ಲಿ. ಹೆಚ್ಚು ಸಂಸಾರಗಳಿಗೆ ಅನ್ನ ಮುಟ್ಟಲೆಂದು ಕೆಲಸವನ್ನು ಸರದಿಯಿಂದ ಹಂಚುತ್ತಿದ್ದರು. ಕುಶಲ ಕೆಲಸಗಾರನಿಗೆ ಗಂಟೆಗೆ 90 ಸೆಂಟು, ಬರಿಯ ಕೂಲಿಯವನಿಗೆ 55 ಸೆಂಟು.  ಕಲ್ಲುಕೆಲಸಕ್ಕೆ ಇಟಲಿಯಿಂದ ವಲಸೆ ಬಂದಿದ್ದ ಕಲ್ಲುಕುಟಿಗರೂ ಇದ್ದರು.

ಹಣದ ಬಹುಭಾಗ ಕೂಲಿಗೇ ಹೋಗಬೇಕಾದುದರಿಂದ ಸಾಮಗ್ರಿಗೆ ಕೈ ಬಿಗಿಯಾಗಿತ್ತು. ಈ ಬಿಗಿಯೇ ಗೃಹಕ್ಕೆ ಶೋಭೆಯನ್ನು ತಂದುದು ವಿಚಿತ್ರ. ಕಮ್ಮಾರ ಡಾಸನ್ ಮತ್ತು ಅವನ ಸಂಗಡಿಗರ ಕುಲುಮೆಯಲ್ಲಿ ಹಳೆಯ ರೈಲುಕಂಬಿಗಳು ಬೆಂಕಿಗೂಡಿನ ಸೌದೆಗಳನ್ನು ಹೊರುವ ಆಸರೆಗಳಾದುವು. ಮೋಟಾರುಚಕ್ರಗಳಿಗೆ ಸುತ್ತುವ ಸರಪಣಿಗಳು ಅದೇ ಗೂಡಿನ ಮುಂದಣ ತೆರೆಗಳಾದುವು. ತಂತಿಕಂಬಗಳಾಗಿ ಸವೆದಿದ್ದ ದೇವದಾರುವಿನ ಮರಗಳು ಸೋಪಾನದ ಕಂಬಗಳಾಗಿ, ಅವುಗಳ ತಲೆಯಲ್ಲಿ ಆ ಕಾಡಿನ ಮೃಗಪಕ್ಷಿಗಳು ಮೂಡಿದುವು. ಮಾರ್ಜರಿ ಹಾಫ್‌ಮನ್ ಸ್ಮಿತ್ ಎಂಬಾಕೆಯ ಮೇಲ್ವಿಚಾರಣೆಯಲ್ಲಿ ಸ್ತ್ರೀಯರು ಪರದೆಗಳನ್ನು ನೆಯ್ದರು. ಕಾಡುಕೆಲಸದ ಯುವಕರ ಶಿಬಿರಗಳಿಂದ ಬಂದ ಹಳೆಯ ಉಡುಪು ಕಂಬಳಿಗಳನ್ನು ಸೀಳಿ ಜಮಖಾನೆಗಳನ್ನು ಮಾಡಿದರು. ಚಿಂದಿಯೆಂದು ಎಸೆಯಬೇಕಾದುದು ಅತಿಥಿಯ ಪಾದದಡಿಯಲ್ಲಿ ಹೂವಾಗಿ ಅರಳಿತು. ಅರಮನೆಯ ಬೊಕ್ಕಸದಿಂದ ಹುಟ್ಟಿದ ಎಷ್ಟೋ ಭವನಗಳಲ್ಲಿ ಇಷ್ಟು ಕೌಶಲವಿಲ್ಲವೆಂದರೆ ಅತಿಶಯೋಕ್ತಿಯಾಗದು.

1937ರ ಸೆಪ್ಟೆಂಬರ್ 28ರಂದು ರೂಸ್‌ವೆಲ್ಟರೇ ಬಂದು, ಮುಂಜಗಲಿಯಲ್ಲಿ ನಿಂತು ಭಾಷಣ ಮಾಡಿ, ಗೃಹವನ್ನು ಲೋಕಾರ್ಪಣ ಮಾಡಿದರು.

ಇಲ್ಲೊಂದು ಮುಳ್ಳುಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇದು ಛತ್ರವಲ್ಲ, ಹಿಂದಿನ ಛತ್ರಗಳಲ್ಲಿ ಬಾಡಿಗೆ ಕೇಳುವ ಪದ್ಧತಿಯಿರಲಿಲ್ಲ. ಇದು ಹಿಮದ ಮೇಲೆ ಜಾರಿ ವಿನೋದಪಡಲು ಬರುವ ಅನುಕೂಲಸ್ಥರಿಗಾಗಿ ಎದ್ದ ಗೃಹ. ಗಂಟೆಗೆ 55 ಸೆಂಟು ಎಣಿಸಿಕೊಂಡವನು ತಾನು ಹೊತ್ತ ಕಲ್ಲಿನ ಗೋಡೆಯೊಳಗೆ ಒಂದು ರಾತ್ರಿ ಮಲಗಬೇಕೆಂದರೆ ಎಷ್ಟು ದಿನಗಳ ಕೂಲಿಯನ್ನು ಕೂಡಿಡಬೇಕಾಗಿತ್ತೋ! ಬಡವನ ಕೈಯಿಂದ ಸಿರಿವಂತನ ಆಟದ ಮನೆಯನ್ನು ಕಟ್ಟಿಸಿದರೆಂಬ ಆಕ್ಷೇಪಕ್ಕೆ ಸಂಪೂರ್ಣವಾದ ಉತ್ತರವಿಲ್ಲ. ಇರುವ ಉತ್ತರವಿಷ್ಟೆ: ಗೃಹವು ಸಾರ್ವಜನಿಕ ಅರಣ್ಯಭೂಮಿಯಲ್ಲಿದೆ, ಅದರ ಒಡೆತನವು ಜನರದು, ಮತ್ತು ಕೆತ್ತಿದವನ ಕೈಗೆ ಕಲಿತ ವಿದ್ಯೆಯನ್ನು ಯಾವ ಸಿರಿವಂತನೂ ಬಾಡಿಗೆಗೆ ಪಡೆಯಲಾರನು.

ಯುದ್ಧಕಾಲದಲ್ಲಿ ಗೃಹವನ್ನು ಮುಚ್ಚಿದರು. ತರುವಾಯ ನಡೆಸಿದವರ ಅಲಕ್ಷ್ಯದಿಂದ ಅದು ಎಷ್ಟು ಹಾಳಾಯಿತೆಂದರೆ, 1955ರಲ್ಲಿ ವಿದ್ಯುಚ್ಛಕ್ತಿಯ ಬಾಕಿ ತೀರದೆ ದೀಪಗಳೇ ಆರಿದುವು. ಅದೇ ವರ್ಷ ರಿಚರ್ಡ್ ಕೋನ್‌ಸ್ಟಾಮ್ ಎಂಬವರು ಆಡಳಿತವನ್ನು ವಹಿಸಿಕೊಂಡು ಮತ್ತೆ ಉಸಿರು ತುಂಬಿದರು. 1975ರಲ್ಲಿ ಒಂದು ಮಿತ್ರಮಂಡಲಿ ಹುಟ್ಟಿ, ಸವೆದ ಪರದೆ ಜಮಖಾನೆಗಳನ್ನು ಹಳೆಯ ಮಾದರಿಯಂತೆಯೇ ಹೊಸದಾಗಿ ಮಾಡಿಸುವ ಕಾರ್ಯಕ್ಕೆ ಕೈಹಾಕಿತು. 1977ರಲ್ಲಿ ಸರ್ಕಾರವು ಅದನ್ನು ರಾಷ್ಟ್ರೀಯ ಸ್ಮಾರಕಗಳ ಸಾಲಿಗೆ ಸೇರಿಸಿತು.

ಸೋಪಾನದ ಕಂಬಗಳ ಮೇಲಣ ಪ್ರಾಣಿಗಳು ಮಾತ್ರ ಇಂದಿಗೂ ಹಾಗೆಯೇ ಕುಳಿತಿವೆ. ಹತ್ತಿ ಇಳಿಯುವವರೆಲ್ಲರೂ ಒಮ್ಮೆ ಅವುಗಳ ತಲೆಯನ್ನು ಸವರಿ ಹೋಗುವುದರಿಂದ ಮರವು ನುಣುಪಾಗಿದೆ.