ಅವನು, ಅವಳು, ಅದು

ಲಿಂಗಪ್ರಕರಣ ಪಾಠ ಮಾಡುವ ದಿನ ಕನ್ನಡ ಮೇಷ್ಟರಿಗೆ ಸುಖವಿಲ್ಲ. ಪುಲ್ಲಿಂಗ, ಸ್ತ್ರೀಲಿಂಗ ಎನ್ನುವವರೆಗೆ ತರಗತಿ ಗಂಭೀರವಾಗಿಯೇ ಇರುತ್ತದೆ. ನಪುಂಸಕಲಿಂಗ ಎಂದೊಡನೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ಒಂದು ನಗೆ ಏಳುತ್ತದೆ. ಕಲ್ಲು, ಮರ, ಹಸು, ಹೊಳೆಗಳಿಗೆ ವೈಯಾಕರಣರು ಕೊಟ್ಟ ಹೆಸರೇ ಬೀದಿಯಲ್ಲಿ ಬೈಗುಳವಾಗಿರುವುದರಿಂದ ಈ ಫಜೀತಿ.

ಸಂಸ್ಕೃತದ ಮೇಷ್ಟರ ಪಾಡು ಇನ್ನೂ ಕಷ್ಟದ್ದು. ಅಲ್ಲಿ ಇದ್ದೊಬ್ಬ ಹೆಂಡತಿಯೇ 'ಭಾರ್ಯಾ' ಎಂದರೆ ಸ್ತ್ರೀಲಿಂಗ, 'ದಾರಾಃ' ಎಂದರೆ ಪುಲ್ಲಿಂಗ, ಅದೂ ಬಹುವಚನ, 'ಕಲತ್ರಂ' ಎಂದರೆ ನಪುಂಸಕ. ಕನ್ನಡಕ್ಕೆ ಈ ತಾಪತ್ರಯವಿಲ್ಲ. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಿಂದ ಇಂದಿನ ಶಾಲಾ ವ್ಯಾಕರಣದವರೆಗೂ ಲಿಂಗವನ್ನು ತೀರ್ಮಾನಿಸುವುದು ಅರ್ಥ: ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ, ಉಳಿದದ್ದು ನಪುಂಸಕ. ಮನುಷ್ಯರ ಪೈಕಿ ಈ ಮೂರನೆಯ ಮನೆಗೆ ಸೇರಿದವರು ಬಹಳ ಕಡಮೆ. ಮಗು, ಶಿಶು, ಕೂಸು, ಅಷ್ಟೆ. 'ಮಗು ಅತ್ತಿತು' ಎನ್ನುತ್ತೇವೆ, ಅದರಲ್ಲಿ ಅವಮಾನವಿಲ್ಲ. ಕೆಲವು ಸೀಮೆಗಳಲ್ಲಿ ಮನೆಯ ಹೆಣ್ಣುಮಕ್ಕಳನ್ನೂ 'ಅದು' ಎನ್ನುವ ರೂಢಿಯುಂಟು. ಅದು ಬೇರೆ ಮಾತು, ಅಥವಾ ಅಷ್ಟೇನೂ ಬೇರೆಯಲ್ಲ. ಅಂತೂ ಬೆಳೆದ ಮನುಷ್ಯರನ್ನು ಪಂಕ್ತಿಯಿಂದ ಎಬ್ಬಿಸಬೇಕಾದರೆ ಕನ್ನಡಿಗನಿಗೆ ಬೈಗುಳವೇ ಬೇಕಿಲ್ಲ, ಕ್ರಿಯಾಪದದ ತುದಿ ಸಾಕು. 'ಬಂದನು', 'ಬಂದಳು' ಎನ್ನಬೇಕಾದಲ್ಲಿ 'ಬಂತು' ಎಂದರೆ ಮುಗಿಯಿತು.

ಈ 'ಬಂತು' ನನ್ನ ಕಿವಿಗೆ ಬಿದ್ದದ್ದು ಅಧ್ಯಾಪಕರ ಕೊಠಡಿಯಲ್ಲಿ. ನನ್ನ ಎರಡನೆಯ ಬಿ.ಎ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ. ಹಾಜರಿ ಪುಸ್ತಕದಲ್ಲಿರುವುದು ಹುಡುಗನ ಹೆಸರು. ಕಿವಿಯಲ್ಲಿ ಸಣ್ಣ ಓಲೆ, ಹೆಗಲವರೆಗೆ ಕೂದಲು. "ಏನ್ರೀ, ಅದು ನಿಮ್ಮ ಕ್ಲಾಸಿಗೂ ಬರುತ್ತಾ?" ಎಂದರು ನಮ್ಮವರೊಬ್ಬರು. ಕೆಟ್ಟ ಮನುಷ್ಯರೇನಲ್ಲ, ಬಡಹುಡುಗರ ಫೀಜಿಗೆ ಪ್ರತಿವರ್ಷ ಕೈಯಿಂದ ದುಡ್ಡು ಕೊಡುವವರು. "ಬರುತ್ತಾರೆ, ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ" ಎಂದೆ. ಉಪನ್ಯಾಸ ಕೊಡಲಿಲ್ಲ. ಆ ಒಂದು 'ರೆ' ಕೊಠಡಿಯಲ್ಲಿ ಸ್ವಲ್ಪ ಹೊತ್ತು ಮೌನವನ್ನುಂಟುಮಾಡಿತು.

ನಮ್ಮ ಭಾಷೆಯ ಒಂದು ಸೊಗಸನ್ನು ನಾವು ಗಮನಿಸುವುದಿಲ್ಲ. ನಾನು, ನೀನು, ತಾನು, ಇವಕ್ಕೆ ಕನ್ನಡದಲ್ಲಿ ತಮ್ಮದೇ ಆದ ಲಿಂಗವಿಲ್ಲ. 'ನಾನು ಬಂದೆ', 'ನೀವು ಬಂದಿರಿ', ಹೇಳಿದವರು ಗಂಡೋ ಹೆಣ್ಣೋ ಕ್ರಿಯಾಪದ ವಿಚಾರಿಸುವುದಿಲ್ಲ. ಹಿಂದಿಯಲ್ಲಾದರೆ 'ನಾನು ಹೋಗುತ್ತೇನೆ' ಎನ್ನುವಾಗಲೇ ತಾನು ಯಾರೆಂದು ಒಪ್ಪಿಸಬೇಕು. ಕನ್ನಡದಲ್ಲಿ ಇಬ್ಬರು ಎದುರುಬದುರು ಕುಳಿತಿರುವವರೆಗೆ ಆ ಪ್ರಶ್ನೆಯೇ ಏಳುವುದಿಲ್ಲ. ಒಬ್ಬರು ಎದ್ದುಹೋಗಿ, ಉಳಿದವರು ಅವರ ವಿಷಯ ಮಾತಾಡಲು ತೊಡಗಿದಾಗಲೇ ಅವನು, ಅವಳು, ಅದು ಎಲ್ಲ ಹೊರಡುವುದು. ಹಾಗಾಗಿ ಗೌರವದ ಪರೀಕ್ಷೆ ನಡೆಯುವುದು ಬಹುಮಟ್ಟಿಗೆ ಬೆನ್ನ ಹಿಂದೆ.

ಆದರೆ ಬೆನ್ನ ಹಿಂದಿನ ಮಾತಿಗೂ ಕಾಲಿದೆ. ಕಾಲೇಜಿನ ಅಟೆಂಡರು ಅದನ್ನು ಮುಟ್ಟಿಸಿದ್ದ. ಎರಡು ದಿನ ಬಿಟ್ಟು ಆಕೆ ಬಂದು ಬಾಗಿಲ ಬಳಿ ನಿಂತಳು. "ನನ್ನನ್ನ 'ಅವರು' ಅಂದಿರಂತೆ ಸಾರ್." ಹೌದು ಎಂದೆ. "ಸಂತೋಷ ಸಾರ್. ಆದರೆ ಕ್ಲಾಸಿನಲ್ಲಿ ಬೇರೆ ಹುಡುಗಿಯರಿಗೆಲ್ಲ ನೀವು 'ಅವಳು' ಅಂತೀರಿ."

ಬಹುವಚನ ಗೌರವ ಕೊಡುತ್ತದೆ, ನಿಜ; ಬಾಗಿಲಲ್ಲೇ ನಿಲ್ಲಿಸಿಯೂ ಕೊಡಬಲ್ಲುದು. ಆಕೆಗೆ ಬೇಕಾಗಿದ್ದದ್ದು ಒಳಗೆ ಒಂದು ಜಾಗ, ಏಕವಚನವೇ ಆದರೂ ಸರಿ. ಇನ್ನೊಂದು ಕೇಳಿದಳು: ಬೆಳಿಗ್ಗೆ ಹಾಜರಿ ಕೂಗುವಾಗ ಆ ಹೆಸರು ಬೇಡ, ಅದಕ್ಕೆ ಹೆದರಿಯೇ ಮೊದಲ ಪಿರಿಯಡ್ ತಪ್ಪಿಸಿ, ಹಾಜರಿ ಕಡಮೆಯಾಗಿ, ಕಾಲೇಜು ಬಿಡುವ ಯೋಚನೆಯಲ್ಲಿದ್ದಳು. ಮರುದಿನದಿಂದ ಎಲ್ಲರಿಗೂ ನಂಬರು ಕೂಗಿದೆ. ಹಾಜರಿ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬರ ಲಿಂಗ ಯಾವುದೆಂದು ನಿರ್ಧರಿಸುವುದು ಅವರದೇ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2014ರ ಏಪ್ರಿಲ್ 15ರಂದು ಹೇಳಿತು. ಅಂಕಪಟ್ಟಿಯ ಹೆಸರು ಇನ್ನೂ ಹಳೆಯದೇ.

ಇನ್ನು ನಾಮಪದಗಳ ಸಂಗತಿ. 'ಮಂಗಳಮುಖಿ' ಕಿವಿಗೆ ಇಂಪು. ಆದರೆ ಹರಕೆಯ ವಸ್ತುವನ್ನು ಕರೆದಂತಿದೆಯೆಂದು ನನಗೆ ತೋರುತ್ತದೆ. 'ಲಿಂಗತ್ವ ಅಲ್ಪಸಂಖ್ಯಾತರು' ಎಂಬುದರಲ್ಲಿ ತಪ್ಪಿಲ್ಲ, ಸರ್ಕಾರಿ ಅರ್ಜಿಯ ವಾಸನೆಯಿದೆ. ನನ್ನನ್ನು ಬಹಳ ಕಾಡುವುದು 'ಸಲಿಂಗಕಾಮಿ'. 2018ರ ಸೆಪ್ಟೆಂಬರ್ 6ರಂದು ವಯಸ್ಕರ ನಡುವಿನ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಾಯಿತು, ಪದ ಮಾತ್ರ ಹಾಗೇ ಉಳಿಯಿತು. ಮೂವತ್ತು ವರ್ಷ ಸಂಸಾರ ಮಾಡಿದ ನಮ್ಮ ಪಕ್ಕದ ಮನೆಯ ರಾಯರನ್ನೂ ಅವರ ಮನೆಯವರನ್ನೂ ತೋರಿಸಿ 'ಇವರು ಭಿನ್ನಲಿಂಗಕಾಮಿಗಳು' ಎಂದರೆ ರಾಯರು ಕೊಡೆ ಎತ್ತಿಕೊಂಡು ಬಂದಾರು. ಅವರದು ದಾಂಪತ್ಯ, ಇವರದು ಕಾಮ! 'ಸಲಿಂಗಪ್ರೇಮಿ' ಎಂಬ ಮಾತು ಈಗೀಗ ಕಾಣುತ್ತಿದೆ. ಬೇರೂರಲಿ.

ಹಳ್ಳಿಗಳು ಇದರಲ್ಲಿ ಪೂರಾ ಬಡವಾಗಿರಲಿಲ್ಲ. ಎಲ್ಲಮ್ಮನ ಜೋಗಪ್ಪ ಸೀರೆಯುಟ್ಟೂ ಹೆಸರಿನಲ್ಲಿ 'ಅಪ್ಪ'ನನ್ನು ಇಟ್ಟುಕೊಂಡಿರುವುದು ನಮ್ಮ ಜನಕ್ಕೆ ಹೊಸದಲ್ಲ. ಹಾಗೆಂದು ಅವರಿಗೆ ಬಾಡಿಗೆ ಮನೆ ಸುಲಭವಾಗಿ ಸಿಕ್ಕುತ್ತಿತ್ತೆಂದಲ್ಲ. 2019ರಲ್ಲಿ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. 'ಆದರು', 'ಪಡೆದರು' ಎಂದು ಬರೆಯುವಾಗ ಯಾರ ಲೇಖನಿಯೂ ತಡವರಿಸಲಿಲ್ಲ. ಪದವಿಯೂ ಪದಕವೂ ಇಲ್ಲದ ನನ್ನ ವಿದ್ಯಾರ್ಥಿನಿಯ ಮುಂದೆಯೇ ಅದು ತಡವರಿಸುವುದು.

ಪರೀಕ್ಷೆಗೆ ಹದಿನೈದು ದಿನವಿರುವಾಗ ಆಕೆಯ ತಾಯಿ ಊರಿನಿಂದ ಬಂದಿದ್ದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಹತ್ತು ನಿಮಿಷದ ಮಾತಿನಲ್ಲಿ ಹಳೆಯ ಹೆಸರನ್ನಾಗಲಿ ಹೊಸ ಹೆಸರನ್ನಾಗಲಿ ಎತ್ತಲಿಲ್ಲ. ಮಗ ಎನ್ನಲಿಲ್ಲ, ಮಗಳು ಎನ್ನಲಿಲ್ಲ.

"ನಮ್ಮ ಮಗು ಚೆನ್ನಾಗಿ ಓದ್ತದಾ ಸಾ? ಅದಕ್ಕೆ ಮೊದಲಿನಿಂದ್ಲೂ ಹೊಟ್ಟೆಗೆ ಸರಿಯಾಗಿ ಸೇರಾಕಿಲ್ಲ."

"ಓದುತ್ತದೆ ತಾಯಿ. ಮುಂದಿನ ಸಾಲಿನಲ್ಲೇ ಕೂತಿರುತ್ತದೆ" ಎಂದೆ.